ಹಿಮ್ಮಡಿಯ ನರ ಹರಿದ ಮೇಲೆ ನಾನು ಮತ್ತೆ ಓಡಿದ್ದು

ಮಾದಪ್ಪನನ್ನು ನಂಬಿದ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಪಣಕಹಳ್ಳಿಯ ಮಹದೇವಮ್ಮ ಕೈಮುಗಿದು ಬರೆಯುವುದು.

೨೦೦೬ನೇ ಇಸವಿ ಪೊಂಗಲ್ ಹಬ್ಬದ ಮಾರನೆಯ ದಿನ, ತಾಳವಾಡಿಯ ರಸ್ತೆ ಓಟದಲ್ಲಿ, ನನ್ನ ಎಡಗಾಲಿನ ಹಿಂಭಾಗಕ್ಕೆ ಯಾರೋ ಕಲ್ಲು ಬೀರಿದ ಹಾಗಾಯಿತು. ಟಪ್ ಅಂತ ಸದ್ದೂ ಕೇಳಿಸಿತು. ಯಾರು ಹೊಡೆದವರು ಎಂದು ತಿರುಗಿ ನೋಡಿದೆ. ನನ್ನ ಹಿಂದೆ ಓಡುತ್ತಿದ್ದ ಹೆಂಗಸು ಇನ್ನೂ ದೂರದಲ್ಲಿದ್ದಳು. ಅಕ್ಕಪಕ್ಕ ಯಾರೂ ಇರಲಿಲ್ಲ. ಮುಂದಿನ ಹೆಜ್ಜೆ ಊರಲು ಹೋದರೆ ಪಾದ ನನ್ನದಲ್ಲವೇನೋ ಎನ್ನುವಂತೆ ಜೋತುಬಿತ್ತು, ನಾನು ರಸ್ತೆಗೆ ಬಿದ್ದೆ. ಓಟ ಮುಗಿಯುವ ಕಡೆ ಹಾಕಿದ್ದ ಶಾಮಿಯಾನ ಕಣ್ಣಿಗೆ ಕಾಣುತ್ತಿತ್ತು. ಮೈಕಿನವರು ನನಗೇನಾಯಿತೆಂದು ತಿಳಿಯದೆ, "ಪಣಕಹಳ್ಳಿ ಮಹದೇವಮ್ಮ ಬರ್ತಾವ್ರೆ, ಎರಡನೇ ಜಾಗದಲ್ಲವ್ರೆ" ಎಂದು ಕೂಗುತ್ತಲೇ ಇದ್ದರು.

ಮಕ್ಕಳ ತಾಯಿ, ಹೊಲಗೆಲಸದವಳು, ಓಟದಲ್ಲಿ ಬಿದ್ದದ್ದಕ್ಕೆ ಇಷ್ಟು ದೊಡ್ಡ ಕಥೆಯೇ ಎಂದು ನಿಮಗನ್ನಿಸಬಹುದು. ಆ ಓಟ ನನಗೆ ಏನಾಗಿತ್ತು ಎಂಬುದನ್ನು ಮೊದಲು ಹೇಳಬೇಕು.

ಅದಕ್ಕೂ ಎರಡು ಮಳೆಗಾಲದ ಹಿಂದೆ ನನ್ನ ಮಗಳು ಸುಮಾ ಜ್ವರದಲ್ಲಿ ತೀರಿಕೊಂಡಳು. ನಾಲ್ಕು ವರ್ಷದ ಮಗು. ಬೆಳಕು ಹರಿಯುವ ಹೊತ್ತಿನಲ್ಲಿ, ಚಾಮರಾಜನಗರದ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ, ನನ್ನ ತೋಳಿನ ಮೇಲೆಯೇ ಹೋಯಿತು. ಆಮೇಲೆ ದಿನಾ ಆ ಹೊತ್ತಿಗೆ ನನಗೆ ಎಚ್ಚರವಾಗುತ್ತಿತ್ತು. ಎದ್ದರೆ ಮನೆಯೊಳಗೆ ಉಸಿರು ಕಟ್ಟುತ್ತಿತ್ತು. ಒಲೆ ಹಚ್ಚುತ್ತಿರಲಿಲ್ಲ, ಮಗ ಶಿವು ಹಸಿವು ಎಂದರೂ ಕೇಳಿಸುತ್ತಿರಲಿಲ್ಲ. ನಮ್ಮ ಯಜಮಾನರು ನಂಜುಂಡಯ್ಯ ತಾವೇ ಹಿಟ್ಟು ಬೇಯಿಸಿ, ಮಗನಿಗಿಟ್ಟು ಹೊಲಕ್ಕೆ ಹೋಗುತ್ತಿದ್ದರು.

ಆಗ ನನ್ನನ್ನು ಮನೆಯಿಂದ ಹೊರಗೆ ಎಳೆದವರು ಗೌರಕ್ಕ. ಗೌರಕ್ಕ ನಮ್ಮೂರ ಶಾಲೆಯಲ್ಲಿ ಸತ್ತುಣವು, ಅಂದರೆ ಮಕ್ಕಳಿಗೆ ಮಧ್ಯಾಹ್ನದ ಊಟ, ಮಾಡುವವರು. ಗಂಡ ಇಲ್ಲ, ಮಕ್ಕಳಿಲ್ಲ. ಸಕ್ಕರೆ ಕಾಯಿಲೆ ಬಂದು, ದಿನಾ ಬೆಳಿಗ್ಗೆ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ತಾಳಮಲೆ ಕಡೆಯ ರಸ್ತೆಯಲ್ಲಿ ಒಬ್ಬರೇ ಹೋಗಲು ಆನೆಯ ಹೆದರಿಕೆ.

"ಬಾಮ್ಮಿ ಮಾದೇವಿ, ನಂಗ ಜೊತ ಆಯ್ತದ. ನೀ ಮಾತಾಡ್ಬೇಡ, ಸುಮ್ಗ ನಡಿ" ಅಂದರು.

ಹಾಗೆ ನಡೆಯುತ್ತಿದ್ದೆವು. ಒಂದು ದಿನ ಹೊಲದ ನಾಯಿಯೊಂದು ಬೊಗಳುತ್ತಾ ಮೈಮೇಲೆ ಬಂತು. ಇಬ್ಬರೂ ಓಡಿದೆವು. ಗೌರಕ್ಕ ಸ್ವಲ್ಪ ದೂರಕ್ಕೇ ನಿಂತು ಏದುಸಿರು ಬಿಡುತ್ತಿದ್ದರು. ನಾಯಿ ಹಿಂದಿರುಗಿ ಹೋದರೂ ನಾನು ನಿಲ್ಲಲಿಲ್ಲ. ಸೀರೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು, ಮೋರಿ ದಾಟಿ ಏರು ಹತ್ತುವವರೆಗೂ ಓಡಿದೆ. ನಿಂತಾಗ ಗೊತ್ತಾಯಿತು, ಅಷ್ಟು ಹೊತ್ತು ನನ್ನ ತಲೆಯೊಳಗೆ ಆ ಬಸ್ ಸ್ಟಾಪು ಇರಲಿಲ್ಲ. ಮಗಳು ಹೋದ ಮೇಲೆ ಅದೇ ಮೊದಲು.

ಮಾರನೆಯ ದಿನದಿಂದ ಗೌರಕ್ಕ ನಡೆಯುವುದು, ನಾನು ಓಡಿ ಹೋಗಿ ಅವರ ಹತ್ತಿರಕ್ಕೆ ಹಿಂದಿರುಗುವುದು. ಆಗ ಕಾಡಿನ ರಸ್ತೆಯಲ್ಲಿ ಕಾಡುಗಳ್ಳರಿಗಾಗಿ ಪೊಲೀಸರ ಕಾವಲು ಇನ್ನೂ ಜೋರಾಗಿತ್ತು. ಒಂದು ಬೆಳಿಗ್ಗೆ ಅವರ ಜೀಪು ನಮ್ಮ ಪಕ್ಕ ನಿಂತಿತು. "ಏಮ್ಮಾ ಓಡುರೇ? ಯಾರು ತೊರತ್ತುರಾಂಗ?" ಎಂದು ಒಬ್ಬರು ತಮಿಳಿನಲ್ಲಿ ಗದರಿದರು. ಯಾಕೆ ಓಡ್ತೀಯ, ಯಾರು ಅಟ್ಟಿಸಿಕೊಂಡು ಬರ್ತಾರೆ ಎಂದು. ಗೌರಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಶುಗರ್ ತೊರತ್ತುದು ಸಾರ್" ಅಂದರು. ಸಕ್ಕರೆ ಅಟ್ಟಿಸಿಕೊಂಡು ಬರ್ತಾ ಇದೆ ಸಾರ್! ಪೊಲೀಸರು ನಗುತ್ತಾ ಹೋದರು. ನಾನೂ ನಕ್ಕುಬಿಟ್ಟೆ. ನಕ್ಕದ್ದಕ್ಕೆ ಆಮೇಲೆ ಅತ್ತೆ.

ಮುಂದಿನ ಪೊಂಗಲ್ಲಿಗೆ ತಾಳವಾಡಿಯ ಹುಡುಗರು ನಡೆಸಿದ ಓಟದಲ್ಲಿ ಹೆಂಗಸರ ಸಾಲಿಗೆ ಗೌರಕ್ಕನೇ ನನ್ನ ಹೆಸರು ಕೊಟ್ಟರು. ಮೂರನೆಯವಳಾಗಿ ಬಂದೆ, ಸ್ಟೀಲ್ ಬಿಂದಿಗೆ ಕೊಟ್ಟರು. ಅದೇ ವರ್ಷ ಮೈಸೂರಿನಲ್ಲಿ ನಡೆದ ಒಂದು ದೊಡ್ಡ ಓಟಕ್ಕೂ ಹೋದೆವು. ಅಷ್ಟು ಜನರ ನಡುವೆ ಓಡುತ್ತಿದ್ದಾಗ, ಮರಗಳ ಸಾಲಿನ ಒಂದು ರಸ್ತೆಯಲ್ಲಿ, ತಂದೆಯೊಬ್ಬರು ಪುಟ್ಟ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ಆ ಮಗು ಎಲ್ಲರಿಗೂ ಕೈ ಬೀಸುತ್ತಿತ್ತು. ನನಗೂ ಬೀಸಿತು. ಅಲ್ಲಿಂದ ಓಟ ಮುಗಿಯುವವರೆಗೂ ನಾನು ಜೋರಾಗಿ ಅತ್ತುಕೊಂಡೇ ಓಡಿದೆ. ಯಾರೂ ತಡೆದು ಕೇಳಲಿಲ್ಲ, ಸಮಾಧಾನ ಮಾಡಲು ಬರಲಿಲ್ಲ. ಎಲ್ಲರ ಮುಖವೂ ಬೆವರಿನಿಂದ ಒದ್ದೆಯಾಗಿತ್ತು. ಊರಿನಲ್ಲಿ ಒಂದು ವರ್ಷದಿಂದ ನನಗೆ ಅಳಲು ಅಂಥ ಜಾಗ ಸಿಕ್ಕಿರಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಗೌರಕ್ಕನ ಹೆಗಲಿಗೊರಗಿ ಮಗುವಿನಂತೆ ನಿದ್ದೆ ಹೋದೆನಂತೆ.

ಈಗ ನೀವೇ ಹೇಳಿ, ಆ ಕಾಲು ಹೋದರೆ ನನಗೆ ಏನು ಉಳಿಯಿತು?

ತಾಳವಾಡಿಯಲ್ಲಿ ಬಿದ್ದ ದಿನ ಉಳುಕು ಎಂದುಕೊಂಡು ಎಣ್ಣೆ ಹಚ್ಚಿ ಸೊಪ್ಪು ಕಟ್ಟಿದರು. ಊತ ಇಳಿಯಲಿಲ್ಲ. ಯಜಮಾನರು ಮೈಸೂರಿಗೆ ಕರೆದುಕೊಂಡು ಹೋದರು. ಬಸ್ಸಿನ ಉದ್ದಕ್ಕೂ ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಪ್ರತಿ ಹಳ್ಳಕ್ಕೂ ಎರಡು ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು. ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ನನ್ನನ್ನು ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿದರು. ಬಲಗಾಲನ್ನು ಹಿಂಡಿದರೆ ಪಾದ ತಾನಾಗಿ ಅಲುಗಿತು. ಎಡಗಾಲನ್ನು ಹಿಂಡಿದರೆ ಅಲುಗಲಿಲ್ಲ.

"ಹಿಮ್ಮಡಿಯ ದಪ್ಪ ನರ ಪೂರ್ತಿ ಹರಿದಿದೆ ಕಣಮ್ಮ. ಹೊಲಿಗೆ ಹಾಕಬೇಕು" ಎಂದರು.

ಹಾಕಿದರು. ಊರಿಗೆ ಬಂದ ಮೇಲೆ ಗಾಯ ಕೀವು ತುಂಬಿತು. ಮತ್ತೆ ಮೈಸೂರು, ಮತ್ತೆ ಆಪರೇಷನ್ನು, ಮತ್ತೆ ತೊಡೆಯವರೆಗೆ ಕಟ್ಟು. ರಾಗಿ ಬಿತ್ತನೆಯ ಹೊತ್ತಿಗೆ ಕಟ್ಟು ಬಿಚ್ಚಿದಾಗ ನನ್ನ ಎಡಗಾಲು ಬೇರೆ ಯಾರದೋ ಕಾಲಿನಂತೆ ಒಣಗಿ ಸಣ್ಣಗಾಗಿತ್ತು. ಚರ್ಮ ಕಪ್ಪಗೆ ಸುಕ್ಕುಗಟ್ಟಿತ್ತು.

"ಓಡಬಹುದಾ ಸಾರ್?" ಎಂದು ಕೇಳಿದೆ.

ಡಾಕ್ಟರು ಕೆಟ್ಟವರಲ್ಲ. "ನಡೆದಾಡುವಂತಾದರೆ ಅದೇ ದೊಡ್ಡದು ಎಂದುಕೊಳ್ಳಮ್ಮ. ಓಟದ ಆಸೆ ಬಿಟ್ಟುಬಿಡು. ಎರಡು ಸಲ ಕುಯ್ದಿರುವ ಜಾಗ. ಇನ್ನೊಂದು ಸಲ ಹರಿದರೆ ಹೊಲಿಯುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ" ಎಂದರು.

ಆ ಮಾತು ಕೇಳಿಕೊಂಡು ಊರಿಗೆ ಬಂದವಳು ಗೋಡೆ ಕಡೆ ಮುಖ ಮಾಡಿ ಮಲಗಿದೆ. ಬೆಳಕು ಹರಿಯುವ ಹೊತ್ತಿಗೆ ಮತ್ತೆ ಎಚ್ಚರ, ಮತ್ತೆ ಅದೇ ಬಸ್ ಸ್ಟಾಪು. ಮಾಡು ಎಂದು ಹೇಳಿಕೊಟ್ಟಿದ್ದ ಕಸರತ್ತನ್ನು ನಾಲ್ಕು ದಿನ ಮಾಡಿ ಬಿಟ್ಟೆ. ನೋವಿಗಲ್ಲ, ಮತ್ತೆ ಟಪ್ ಎನ್ನುತ್ತದೆ ಎನ್ನುವ ಭಯಕ್ಕೆ. ಮನೆಯೊಳಗೆ ಓಡಾಡುವುದಕ್ಕೂ ಕೋಲು ಹಿಡಿದೆ.

ನಮ್ಮತ್ತೆ ಬಾಗಿಲಲ್ಲಿ ಕೂತು, "ಎಣ್ಣೆಂಗ್ಸು ರಸ್ತಲಿ ಓಡ್ಬೇಡ ಅಂತ ಬಡ್ಕಂಡಿ. ದೇವ್ರೇ ಕಾಲು ಮುರ್ದು ಕೂರ್ಸವ್ನ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅದಕ್ಕಿಂತ ಯಜಮಾನರ ಮೌನವೇ ನನಗೆ ಕಷ್ಟವಾಗುತ್ತಿತ್ತು. ಅವರು ಮತ್ತೆ ತಾವೇ ಹಿಟ್ಟು ಬೇಯಿಸತೊಡಗಿದ್ದರು.

ನಮ್ಮ ಮನೆಯ ಗೂಡಿನಲ್ಲಿ ಹುಲಿಯ ಮೇಲೆ ಕೂತ ಮಾದಪ್ಪನ ಪಟ ಇದೆ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅದರ ಮುಂದೆ ಹೋಗಿ ಕೂತೆ. ಭಕ್ತಿಯಿಂದಲ್ಲ. ಬಾಯಿಗೆ ಬಂದದ್ದನ್ನೆಲ್ಲ ಕೇಳಿದೆ. "ನಿನ್ ಹೆಸ್ರನ್ನೇ ಇಟ್ಕಂಡಿವ್ನಿ. ನೀ ಮಗಳ ಕೇಳ್ದೆ, ನಾ ಕೊಟ್ಟಿ. ಈಗ ಕಾಲ್ನೂ ಕೇಳ್ದಯಾ? ಮಗಳ ವಾಪಸ್ ಕೊಡು ಅಂತ ಕೇಳ್ನಿಲ್ಲ ನಾನು. ಕಾಲ ಕೊಡು. ವಸಿ ಹೊತ್ತು ಓಡಕ ಕೊಡು, ಸಾಕು." ಹೀಗೆ ಕೇಳುತ್ತಾ ತಲೆಯನ್ನು ಗೋಡೆಗೆ ಚಚ್ಚಿಕೊಂಡೆ. ಪಟ ಪಟವಾಗಿಯೇ ಇತ್ತು. ಹೂವು ಬೀಳಲಿಲ್ಲ, ಹಲ್ಲಿ ನುಡಿಯಲಿಲ್ಲ. ಅವತ್ತಿನಿಂದ ದೀಪ ಹಚ್ಚುವುದನ್ನು ಬಿಟ್ಟೆ.

ಆದರೆ ಗೌರಕ್ಕ ನನ್ನನ್ನು ಬಿಡಲಿಲ್ಲ. ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು, "ಬಂದಯಾ?" ಎಂದು ಕೇಳುವರು. ನಾನು ಇಲ್ಲ ಎನ್ನುವೆ. "ಸರಿ ಬುಡು, ನಾಳ ಬತ್ತೀನಿ" ಎಂದು ಒಬ್ಬರೇ ಹೋಗುವರು. ಮಳೆಗಾಲ ಪೂರ್ತಿ ಹೀಗೇ ಕಳೆಯಿತು.

ದೀಪಾವಳಿ ಆಯಿತು. ಗುಮಟಾಪುರದ ಸಗಣಿ ಹಬ್ಬಕ್ಕೆ ಹೋದವರು ಮೈತುಂಬ ಸಗಣಿ ಬಳಿದುಕೊಂಡು, ಕೇಕೆ ಹಾಕುತ್ತಾ ಗಾಡಿಗಳಲ್ಲಿ ಹಿಂದಿರುಗಿದ್ದನ್ನು ಜಗಲಿಯಲ್ಲಿ ಕೂತು ನೋಡಿದೆ. ಅದಾದ ಮೇಲೆ ಬಂದ ಕಾರ್ತಿಕ ಸೋಮವಾರ. ಗೌರಕ್ಕ ಎಂದಿನಂತೆ ಬಂದರು. ಹಣೆಗೆ ವಿಭೂತಿ ಹಚ್ಚಿದ್ದರು.

"ಇವತ್ತು ಮಾದಪ್ಪನ ವಾರ. ಒಪ್ಪತ್ತು ಇವ್ನಿ. ಮೋರಿಗಂಟ ಬಾಮ್ಮಿ, ಅಲ್ಲಿ ಕುಂತಿರು, ನಾ ಏರು ಹತ್ಬುಟ್ಟು ಬತ್ತೀನಿ. ಒಬ್ಳೇ ಓಗಿ ಓಗಿ ನಂಗೂ ಬ್ಯಾಸ್ರ ಆಗದ" ಎಂದರು.

ಅವರ ದನಿ ಕೇಳಿ ಅವತ್ತು ಇಲ್ಲ ಎನ್ನಲು ಆಗಲಿಲ್ಲ. ಕೋಲು ಹಿಡಿದು ಹೊರಟೆ. ಚಳಿ ಬಿದ್ದಿತ್ತು, ಜೋಳದ ಹೊಲಗಳ ಮೇಲೆ ಮಂಜು ನಿಂತಿತ್ತು. ಬೆಳಗಿನ ಬಸ್ಸು ನಮ್ಮನ್ನು ದಾಟಿಕೊಂಡು ಹೋಯಿತು. ಮೋರಿ ಸೇರಿ ಕಟ್ಟೆಯ ಮೇಲೆ ಕೂತೆ. ಗೌರಕ್ಕ ಏರು ಹತ್ತಿ ಹೋಗಿ, ತಿರುಗಿ ಬರುವುದು ಕಾಣಿಸಿತು. ಬರುತ್ತಿದ್ದವರು ರಸ್ತೆಯ ಅಂಚಿಗೆ ವಾಲಿದರು. ಮತ್ತೆ ನಡುವಿಗೆ ಬಂದರು. ನನ್ನ ಹತ್ತಿರ ಬಂದವರೇ ಕಟ್ಟೆಗೆ ಕೈಯೂರಿ ಕುಸಿದರು.

ಅಷ್ಟು ಚಳಿಯಲ್ಲೂ ರವಿಕೆ ನೆನೆದು ಮೈಗೆ ಅಂಟಿಕೊಂಡಿತ್ತು. ಕಣ್ಣು ನನ್ನ ಮೇಲಿದ್ದರೂ ನಾನು ಯಾರೆಂದು ಗುರುತು ಸಿಗುತ್ತಿರಲಿಲ್ಲ. ನಾಲಿಗೆ ತೊದಲುತ್ತಿತ್ತು. "ಬೇಳ ಬೆಂದದಾ... ಮಕ್ಳು ಬಂದೋ..." ಎಂದೇನೋ ಹೇಳುತ್ತಿದ್ದರು. ಹೊಟ್ಟೆ ಖಾಲಿ ಬಿಟ್ಟು ಮಾತ್ರೆ ನುಂಗಿ ಬಂದಿದ್ದರು. ಸಕ್ಕರೆ ಇಳಿದುಹೋಗಿತ್ತು. ಇಂಥ ಹೊತ್ತಿಗೆಂದು ಅವರು ಯಾವಾಗಲೂ ಸೆರಗಿನ ತುದಿಗೆ ಬೆಲ್ಲದ ಚೂರು ಗಂಟು ಹಾಕಿಕೊಂಡಿರುತ್ತಿದ್ದರು. ಹುಡುಕಿದೆ. ಒಪ್ಪತ್ತಿನ ದಿನ ಎಂದು ಅವತ್ತು ಅದನ್ನೂ ಕಟ್ಟಿಕೊಂಡಿರಲಿಲ್ಲ.

"ಯಾರಾದ್ರೂ ಬನ್ರಪ್ಪೋ!" ಎಂದು ಕೂಗಿದೆ. ಬಸ್ಸು ಹೋಗಿಯಾಗಿತ್ತು. ಹೊಲಗಳಲ್ಲಿ ಯಾರೂ ಇರಲಿಲ್ಲ. ಹತ್ತಿರದಲ್ಲಿದ್ದದ್ದು ಕೂಡುರಸ್ತೆಯ ಟೀ ಅಂಗಡಿ ಒಂದೇ. ಅದೂ ಕೋಲೂರಿಕೊಂಡು ಹೋಗಿ ಬರುವ ದೂರದಲ್ಲಿ ಇರಲಿಲ್ಲ.

ಅವರ ತಲೆಯನ್ನು ಒಂದು ಮಗ್ಗುಲಿಗೆ ಮಲಗಿಸಿದೆ. ಅಷ್ಟು ತಿಂಗಳು ಬಾಯಿಗೆ ಬಾರದ ಹೆಸರು ಆಗ ಬಂತು. "ಮಾದಪ್ಪಾ, ಇವ್ರ ಉಳ್ಸು. ನಂಗ ಕಾಲು ಬ್ಯಾಡ. ಆ ಕಾಲ ನೀನೇ ಮಡಿಕ್ಕ. ಇವ್ರ ಉಳ್ಸು ನನ್ನಪ್ಪ!"

ಕೋಲು ಎಸೆದೆನೋ, ಅದೇ ಬಿತ್ತೋ ತಿಳಿಯದು. ಓಡಿದೆ.

ಅದು ಹೇಗೆ ಓಡಿದೆ ಎಂದು ಎಷ್ಟು ಜನ ಕೇಳಿದ್ದಾರೆ. ನನಗೆ ನೆನಪಿರುವುದು ಇಷ್ಟೇ. ಮೊದಲ ಹೆಜ್ಜೆಗಳಲ್ಲಿ ಎಡಗಾಲು ಮರದ ತುಂಡಿನಂತಿತ್ತು. ಈಗ ಹರಿಯುತ್ತದೆ, ಈಗ ಹರಿಯುತ್ತದೆ ಎಂದು ಕಾಯುತ್ತಲೇ ಓಡಿದೆ. ಆಮೇಲೆ ಕಾಯುವುದನ್ನೂ ಮರೆತೆ. ಟೀ ಅಂಗಡಿಯವರ ಸಕ್ಕರೆ ಡಬ್ಬಿಯನ್ನೇ ಕಿತ್ತುಕೊಂಡು, "ಗೌರಕ್ಕ ಬಿದ್ದೋಗವ್ರ, ಮೋರಿತವು, ಟೀ ತಕ್ಕಂಡು ಬನ್ನಿ!" ಎಂದು ಕಿರುಚಿ ತಿರುಗಿದೆ. ಹಿಂದಿರುಗುವಾಗ ಪಾದಕ್ಕೆ ಕಲ್ಲು ಚುಚ್ಚುತ್ತಿದ್ದದ್ದು ಗೊತ್ತಾಯಿತು. ಒಂದು ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು.

ಗೌರಕ್ಕ ಬಿದ್ದಲ್ಲೇ ಇದ್ದರು. ಕಣ್ಣು ಅರ್ಧ ಮುಚ್ಚಿತ್ತು, ಆದರೆ ಕರೆದರೆ ಹ್ಞೂಂ ಎನ್ನುತ್ತಿದ್ದರು. ಸಕ್ಕರೆಯನ್ನು ಬೆರಳಿನಲ್ಲಿ ತೆಗೆದು ದವಡೆಗೆ, ನಾಲಿಗೆಯ ಕೆಳಗೆ ತಿಕ್ಕಿದೆ. "ನುಂಗಕ್ಕ, ನುಂಗು. ನನ್ ಬುಟ್ಟೋಗ್ಬೇಡ" ಎಂದು ಹೇಳುತ್ತಲೇ ತಿಕ್ಕಿದೆ. ಎಷ್ಟೋ ಹೊತ್ತಿಗೆ ಅವರ ಗಂಟಲು ಆಡಿತು. ಟೀ ಅಂಗಡಿಯವರು ಸೈಕಲ್ಲಿನಲ್ಲಿ ಬಂದು ಸಿಹಿ ಟೀಯನ್ನು ಗುಟುಕು ಗುಟುಕಾಗಿ ಕುಡಿಸಿದರು. ಗೌರಕ್ಕ ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ಯಾಕಮ್ಮಿ ಇಂಗ್ ಏದುಸ್ರು ಬುಡ್ತಿದ್ದಯ?" ಎಂದರು. ಆಮೇಲೆ ನಾಲಿಗೆ ಚಪ್ಪರಿಸಿ, "ಅಯ್ಯೋ ಶಿವ್ನೇ, ಒಪ್ಪತ್ತು ಕೆಡಸ್ಬುಟ್ಟಲ್ಲ!" ಎಂದು ಗೋಳಾಡಿದರು.

ನಾನು ರಸ್ತೆಯ ಮೇಲೆ ಕೂತು ಅವರನ್ನು ತಬ್ಬಿಕೊಂಡು ಅತ್ತೆ. ಎದ್ದೇಳಲು ಹೋದಾಗಲೇ ಕಾಲಿನ ನೆನಪು ಬಂದದ್ದು. ಹಿಮ್ಮಡಿ ಬೆಂಕಿಯಂತೆ ಉರಿಯುತ್ತಿತ್ತು, ಊದತೊಡಗಿತ್ತು. ಹೋಯಿತು ಎಂದುಕೊಂಡೆ. ಹೇಳಿದ್ದೆನಲ್ಲ, ಕಾಲು ಬೇಡ ಎಂದು. ಸತ್ಯವಾಗಿ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ದುಃಖವಾಗಲಿಲ್ಲ.

ದುಃಖ ಮಾರನೆಯ ದಿನ ಬಂತು. ಯಜಮಾನರ ಜೊತೆ ಮೈಸೂರಿನ ಬಸ್ಸಿನಲ್ಲಿ ಕೂತಾಗಿನಿಂದ, ಮತ್ತೆ ಕುಯ್ಯುತ್ತಾರೆ, ಮತ್ತೆ ಕೀವು, ಇನ್ನು ನಡೆಯುವುದೂ ಇಲ್ಲ ಎಂದು ದಾರಿಯುದ್ದಕ್ಕೂ ಅದೇ ಯೋಚನೆ. ಯಜಮಾನರು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, "ಓದ್ರ ಓಗ್ಲಿ ಬುಡು. ಗೌರಕ್ಕ ಬದುಕವ್ರ. ನಿನ್ನ ನಾ ಒತ್ಕಂಡು ತಿರ್ಗಾಡ್ತೀನಿ" ಎಂದರು. ಅಷ್ಟು ತಿಂಗಳಲ್ಲಿ ಅವರು ಆಡಿದ ಉದ್ದದ ಮಾತು ಅದೇ.

ಡಾಕ್ಟರು ನಡೆದದ್ದನ್ನೆಲ್ಲ ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಬೋರಲು ಮಲಗಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. ಮೀನಖಂಡ ಹಿಂಡಿದರು. ಪಾದ ಅಲುಗಿತು. ಅವರು ಇನ್ನೊಂದು ಸಲ ಹಿಂಡಿದರು. ಇನ್ನೊಂದು ಸಲವೂ ಅಲುಗಿತು. ಸ್ಕ್ಯಾನ್ ಮಾಡಿಸಿ, ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹರಿದಿಲ್ಲಮ್ಮ. ಊತ ಇದೆ, ಇಳಿಯುತ್ತದೆ. ಒಳಗೆ ನರ ನಾನೆಣಿಸಿದ್ದಕ್ಕಿಂತ ಚೆನ್ನಾಗಿ ಕೂಡಿಕೊಂಡಿದೆ. ನೀನು ಓಡಿದ್ದು ದೊಡ್ಡ ಅಪಾಯ, ಇನ್ನೊಬ್ಬರಿಗೆ ನಾನು ಹೀಗೆ ಮಾಡು ಎನ್ನುವುದಿಲ್ಲ. ಆದರೆ ತಡೆದುಕೊಂಡಿದೆ" ಎಂದರು. ಆಮೇಲೆ ಕನ್ನಡಕ ತೆಗೆದು, "ಓಟ ಬಿಟ್ಟುಬಿಡು ಎಂದಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಳ್ತೀನಿ. ನಿಧಾನವಾಗಿ, ಹೇಳಿದ ಹಾಗೆ ಮಾಡ್ತೀಯಾ?" ಎಂದು ಕೇಳಿದರು.

ಯಜಮಾನರು ಆಸ್ಪತ್ರೆಯ ನೆಲದ ಮೇಲೆಯೇ ಅಡ್ಡಬಿದ್ದು ಮಾದಪ್ಪನಿಗೆ ಕೈಮುಗಿದರು.

ಅಲ್ಲಿಂದ ಮುಂದೆ ಎಲ್ಲ ಸುಲಭವಾಯಿತು ಎಂದರೆ ಸುಳ್ಳಾಗುತ್ತದೆ. ಜಗಲಿಯ ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು, ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸಿ ಮತ್ತೆ ಎತ್ತಬೇಕು. ದಿನಾ ಬೆಳಿಗ್ಗೆ, ದಿನಾ ಸಂಜೆ. ಮೊದಮೊದಲು ನೋವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಒಂದು ದಿನ ತೂಕ ತಪ್ಪಿ ವಾಲಿದಾಗ ಯಾರೋ ತೋಳು ಹಿಡಿದರು. ತಿರುಗಿ ನೋಡಿದರೆ ನಮ್ಮತ್ತೆ. "ಊಂ, ಎತ್ತು. ನಾ ಇಡ್ಕಂಡಿವ್ನಿ" ಎಂದರು. ಅವತ್ತಿನಿಂದ ಅವರೇ ಬಂದು ನಿಲ್ಲುತ್ತಿದ್ದರು. ಗೌರಕ್ಕನನ್ನು ಉಳಿಸಿದ ಕಾಲು ಇದು ಎಂದು ಬಾಗಿಲಿಗೆ ಬಂದವರಿಗೆ ತೋರಿಸುತ್ತಿದ್ದರು. ಎಷ್ಟೋ ಬೆಳಿಗ್ಗೆ ಭಯ ಮತ್ತೆ ಮೇಲೆ ಬರುತ್ತಿತ್ತು. ಸ್ವಲ್ಪ ಓಡಿ, ನರ ಸೆಳೆದ ಹಾಗಾಗಿ, ರಸ್ತೆಯ ಪಕ್ಕ ಕೂತು ಬೆವತದ್ದೂ ಇದೆ. ಒಂದು ಪೊಂಗಲ್ ಹಾಗೆಯೇ ಹೋಯಿತು.

೨೦೦೮ರ ಪೊಂಗಲ್ಲಿಗೆ ತಾಳವಾಡಿಯ ಓಟದಲ್ಲಿ ಮತ್ತೆ ನಿಂತೆ. ಸ್ವಲ್ಪ ದೂರ ಹೋಗುವಷ್ಟರಲ್ಲೇ ಎಲ್ಲರೂ ನನ್ನನ್ನು ದಾಟಿಕೊಂಡು ಹೋದರು. ಹಿಂದೆ ನಾನು ಬಿದ್ದಿದ್ದ ಜಾಗ ಬಂದಾಗ ಕಾಲು ತಾನಾಗಿ ನಿಂತುಬಿಟ್ಟಿತು. ಮುಂದೆ ಹೋಗಲಾರೆ ಎನ್ನಿಸಿತು. ಬಾಯಲ್ಲಿ ಉಸಿರಿಗೊಂದು ಸಲ ಮಾದಪ್ಪ, ಮಾದಪ್ಪ ಎಂದುಕೊಳ್ಳುತ್ತಾ ನಡೆದೆ, ನಡೆಯುತ್ತಾ ಓಡಿದೆ. ನಾನು ತಲುಪುವ ಹೊತ್ತಿಗೆ ಬಹುಮಾನ ಕೊಟ್ಟು ಮುಗಿದಿತ್ತು. ಹುಡುಗರು ಶಾಮಿಯಾನದ ಗೂಟ ಕೀಳುತ್ತಿದ್ದರು. ಮೈಕೂ ಇಲ್ಲ. ಗೌರಕ್ಕ ಒಬ್ಬರೇ ರಸ್ತೆಯ ನಡುವೆ ನಿಂತು, ಹಿಂದಿನಿಂದ ಬಂದ ಲಾರಿಗೂ ದಾರಿ ಬಿಡದೆ, ಎರಡೂ ಕೈ ಚಾಚಿದ್ದರು. ಲಾರಿಯವರು ಹಾರನ್ ಹೊಡೆಯುತ್ತಿದ್ದರು. ನಾನು ಓಡಿ ಹೋಗಿ ಆ ಕೈಗಳಿಗೆ ಬಿದ್ದೆ. ಎಲ್ಲರಿಗಿಂತ ಕೊನೆಯವಳು. ನನ್ನ ಜೀವನದಲ್ಲಿ ಅಂಥ ಓಟ ಇನ್ನೊಂದಿಲ್ಲ.

ಅದೇ ತಿಂಗಳು ನಾವೆಲ್ಲ ಮಾದಪ್ಪನ ಬೆಟ್ಟಕ್ಕೆ ಹೋದೆವು. ನಮ್ಮತ್ತೆಯೂ ಬಂದಿದ್ದರು.

ಬಂಧುಗಳೇ, ಇವತ್ತಿಗೂ ಚಳಿ ಬಿದ್ದರೆ ನನ್ನ ಹಿಮ್ಮಡಿ ನೋಯುತ್ತದೆ. ಗೌರಕ್ಕನಿಗೆ ಈಗ ಕಣ್ಣು ಮಂಜಾಗಿದೆ. ರಸ್ತೆಯಲ್ಲಿ ನನ್ನ ಕೈ ಹಿಡಿದು ನಡೆಯುತ್ತಾರೆ. ಮಗಳ ನೋವು ಹೋಗಿಲ್ಲ, ಹೋಗುವುದೂ ಇಲ್ಲ. ದೇವರು ನಮ್ಮ ಕಷ್ಟವನ್ನೆಲ್ಲ ಗುಡಿಸಿ ಹಾಕುತ್ತಾನೆ ಎಂದು ನಾನು ಬರೆಯಲಾರೆ. ನಾನು ಕಾಲು ಕೊಡು ಎಂದು ಗೋಡೆಗೆ ತಲೆ ಚಚ್ಚಿಕೊಂಡಾಗ ಅವನು ಸುಮ್ಮನಿದ್ದ. ಕಾಲು ಬೇಡ, ಇವರನ್ನು ಉಳಿಸು ಎಂದಾಗ ಎರಡನ್ನೂ ಕೊಟ್ಟ. ಯಾಕೆ ಹಾಗೆ ಎಂದು ನನಗೆ ತಿಳಿಯದು. ಕೊಟ್ಟವನು ಅವನೇ ಎಂಬುದು ಮಾತ್ರ ತಿಳಿದಿದೆ. ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ.

ಬೆಟ್ಟದಲ್ಲಿ ಸಾಲು ಸರಿದು ಸರಿದು ನಾನು ಗರ್ಭಗುಡಿಯ ಮುಂದೆ ನಿಂತಾಗ, ಏನಾದರೂ ಕೇಳಿಕೊಳ್ಳಲೆಂದು ಕೈ ಜೋಡಿಸಿದೆ. ಎಷ್ಟು ಹುಡುಕಿದರೂ ಕೇಳುವುದು ಏನೂ ಸಿಗಲಿಲ್ಲ. ಹಿಂದಿನವರು ತಳ್ಳುತ್ತಿದ್ದರು. ಉಘೇ ಮಾದಪ್ಪ ಎಂದು ಒಂದು ಸಲ ಜೋರಾಗಿ ಕೂಗಿ, ಹಿಂದೆ ನಿಂತಿದ್ದವರಿಗೆ ಜಾಗ ಬಿಟ್ಟೆ.